ಟ್ರಂಕಿನಲ್ಲಿಟ್ಟ ಕಣ್ಣು

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ಹಬ್ಬದ ಸೀರೆ ನೆನಪಾಗುತ್ತದೆ. ನನಗೆ ನಮ್ಮ ಗೌರಕ್ಕನ ಕಣ್ಣು ನೆನಪಾಗುತ್ತದೆ. ನಮ್ಮ ಮನೆ ಪೀಣ್ಯದ ಹಳೇ ಊರೊಳಗಿತ್ತು. ಮಣ್ಣಿನ ಗೋಡೆ, ನಾಡಹೆಂಚು, ನಡುಮನೆಯಲ್ಲಿ ಅಜ್ಜಿಯ ಹಸಿರು ತಗಡಿನ ಟ್ರಂಕು. ಆ ಮನೆ ಈಗಿಲ್ಲ, ಬಾಡಿಗೆಯವರ ನಾಲ್ಕಂತಸ್ತು ಎದ್ದಿದೆ. ಬೀಳಿಸುವಾಗ ನಾನೇ ನಿಂತು ನೋಡಿದೆ, ಅರ್ಧ ದಿನದ ಕೆಲಸವೂ ಆಗಲಿಲ್ಲ. ನಿಮ್ಮ ಮನೆಯೂ ಹೀಗೇ ಹೋಗಿರಬಹುದು. ಹೋಗಿದ್ದರೆ ನಿಮಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಆಗ ಎಮರ್ಜೆನ್ಸಿ ಮುಗಿದ ಹೊಸದು. ನಮ್ಮ ರಾಗಿ ಹೊಲದ ಮೇಲೆ ಶೆಡ್ಡುಗಳು ಎದ್ದಿದ್ದವು, ಅಪ್ಪ ತನ್ನ ಹೊಲಕ್ಕೇ ವಾಚ್‌ಮನ್ ಆಗಿದ್ದ. ಸಂಜೆಯಾದರೆ ಊರಿಗೆಲ್ಲ ಎರಡೇ ವಾಸನೆ: ಒಲೆಯ ಮೇಲೆ ಬೇಯುವ ಹುರುಳಿಯದು, ಮಿಷನ್ನುಗಳಲ್ಲಿ ಸುಡುವ ಎಣ್ಣೆಯದು. ಗೌರಕ್ಕನಿಗೆ ಹದಿನೇಳು, ನನಗೆ ಹತ್ತು. ಅವಳು ಒಂದು ಶೆಡ್ಡಿನಲ್ಲಿ ಕಬ್ಬಿಣದ ತುಂಡುಗಳ ಅಂಚನ್ನು ಅರದಿಂದ ಉಜ್ಜಿ ನಯ ಮಾಡುತ್ತಿದ್ದಳು. ಮನೆಗೆ ಬಂದರೆ ಕೂದಲಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು, ನಾನು ಕೂತು ಬಾಚಿ ತೆಗೆಯುತ್ತಿದ್ದೆ. ಒಂದು ಮಧ್ಯಾಹ್ನ ಪಕ್ಕದ ಮಿಷನ್ನಿನಿಂದ ಚೂರು ಹಾರಿ ಅವಳ ಎಡಗಣ್ಣಿಗೆ ಹೊಕ್ಕಿತು. ಮನೆಯಲ್ಲಿ ಎರಡು ದಿನ ಬಾಣಂತಿಯ ಎದೆಹಾಲು ಬಿಟ್ಟರು, ನಂದಿಬಟ್ಟಲ ಹೂವಿನ ರಸ ಬಿಟ್ಟರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣು ಕೀವಾಗಿತ್ತು. ಇನ್ನೊಂದು ಉಳಿಯಬೇಕಾದರೆ ಇದನ್ನು ತೆಗೆಯಬೇಕು ಅಂದರು, ತೆಗೆದರು.

ಗಾಯ ಆರಿದ ಮೇಲೆ ಬೇರೆ ಕಣ್ಣು ಇಡಿಸಲು ಅಕ್ಕನ ಜೊತೆ ಅಪ್ಪ, ಅವ್ವ, ನಾನು ಪೇಟೆಗೆ ಹೋದೆವು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ, ಅದೂ ಮೂರನೇ ಕ್ಲಾಸಿನ ಓದು. ಬಸ್ಸಿನ ಬೋರ್ಡು ಓದಲು ನನ್ನನ್ನು ಕರೆದುಕೊಂಡು ಹೋಗಿದ್ದರು. ನಾವು ಗೋಲಿಯಂಥದ್ದು ಕೊಡುತ್ತಾರೆ ಅಂದುಕೊಂಡಿದ್ದೆವು. ಕಣ್ಣು ಕೂರಿಸುವ ಮನುಷ್ಯ ಮರದ ಪೆಟ್ಟಿಗೆ ತೆಗೆದರೆ ಹತ್ತಿಯ ಮೇಲೆ ಸಾಲಾಗಿ ಚಿಪ್ಪುಗಳು, ಒಂದೊಂದಕ್ಕೂ ಒಂದೊಂದು ಪಾಪೆ, ಎಲ್ಲವೂ ನಮ್ಮನ್ನೇ ನೋಡುತ್ತಿದ್ದವು. ಗಾಜಲ್ಲ, ಪ್ಲಾಸ್ಟಿಕ್ಕು, ಬಿದ್ದರೆ ಒಡೆಯುವುದಿಲ್ಲ ಅಂದ. ಇದರಲ್ಲಿ ಎಷ್ಟು ಕಾಣುತ್ತದೆ ಅಂತ ಅಪ್ಪ ಕೇಳಿದ. ಆ ಮನುಷ್ಯ ನಗಲಿಲ್ಲ. "ಇದು ನೋಡೋಕಲ್ಲ ಯಜಮಾನ್ರೇ. ನೋಡೋರಿಗೆ," ಅಂದ.

ಅಪ್ಪ ಎಲ್ಲಕ್ಕಿಂತ ಕಪ್ಪನೆಯದನ್ನು ಆರಿಸಿದ. ಅವ್ವ ಎಲ್ಲಕ್ಕಿಂತ ಬಿಳಿ ಬಿಳಿಯಾಗಿದ್ದದ್ದನ್ನು ಹಿಡಿದುಕೊಂಡಳು. ಆ ಮನುಷ್ಯ ಅಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಒಂದೊಂದನ್ನೇ ಅವಳ ಕೆನ್ನೆಯ ಹತ್ತಿರ ಹಿಡಿದ. ಯಾರ ಕಣ್ಣೂ ಪೂರಾ ಕಪ್ಪಿರುವುದಿಲ್ಲ, ಪೂರಾ ಬಿಳಿಯೂ ಇರುವುದಿಲ್ಲ, ಚೆಂದದ್ದು ಹಾಕಿದರೆ ದೂರದಿಂದಲೇ ಸುಳ್ಳು ಅಂತ ಗೊತ್ತಾಗುತ್ತದೆ ಅಂತ ತಿಳಿಸಿ ಹೇಳಿದ. ಆಮೇಲೆ ಕನ್ನಡಿಯನ್ನು ಅಕ್ಕನ ಕೈಗೇ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. ಮೂಲೆಯಲ್ಲಿದ್ದ ಒಂದು ಮಂಕು ಕಣ್ಣನ್ನು ಎತ್ತಿಕೊಂಡಳು. ಬೆಲ್ಲದ ಪಾಕದ ಬಣ್ಣ, ಬಿಳಿಯಲ್ಲಿ ಒಂಚೂರು ಹಳದಿ, ಎರಡು ಕೆಂಪು ಎಳೆ. ನೆತ್ತರ ಎಳೆ ಇರೋದು ಯಾಕವ್ವ, ಒಳ್ಳೇದು ತಕೋ ಅಂತ ಅವ್ವ ಗೋಗರೆದಳು.

"ನನ್ನ ಕಣ್ಣು ಇಂಗೇ ಐತೆ ಕಣವ್ವ," ಅಂದಳು ಅಕ್ಕ.

ಕೂರಿಸಿದ ಮೇಲೆ ಯಾವುದು ಹುಟ್ಟಿದ್ದು ಯಾವುದು ಇಟ್ಟದ್ದು ಅಂತ ನನಗೇ ತಿಳಿಯಲಿಲ್ಲ. ರಾತ್ರಿಯೂ ತೆಗೆಯಬಾರದು, ತೊಳೆಯಲು ತೆಗೆದರೂ ತಕ್ಷಣ ಹಾಕಬೇಕು, ಖಾಲಿ ಬಿಟ್ಟರೆ ಗುಳಿ ಮುಚ್ಚಿಕೊಳ್ಳುತ್ತದೆ ಅಂತ ಆ ಮನುಷ್ಯ ಚೀಟಿ ಬರೆದು ನನ್ನ ಕೈಗೆ ಕೊಟ್ಟ. ವಾಪಸ್ಸು ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ಸೆರಗಿನಿಂದ ಮುಖ ಮರೆಮಾಡದೆ ಬಂದಳು. ಯಶವಂತಪುರ ದಾಟುವಾಗ ಎದುರು ಸೀಟಿನ ಹೆಂಗಸು ಅವಳನ್ನು ಯಾವೂರವ್ವ ಅಂತ ಕೇಳಿದಳು, ಬೇರೆ ಏನೂ ಕೇಳಲಿಲ್ಲ. ಅಕ್ಕ ಊರು ಬರುವವರೆಗೂ ಆ ಹೆಂಗಸಿನ ಜೊತೆ ಮಾತಾಡಿದಳು.

ಮೂರು ದಿನ ಹಾಕಿಕೊಂಡಳು. ನಾಲ್ಕನೇ ದಿನ ಅಜ್ಜಿ ಬಿಚ್ಚಿಸಿದಳು. ನಮ್ಮಲ್ಲಿ ಒಳ್ಳೆಯದೆಲ್ಲ ಒಳ್ಳೆಯ ದಿನಕ್ಕೆ. ರೇಷ್ಮೆ ಸೀರೆ, ಮೂಗುಬೊಟ್ಟು, ಕಂಚಿನ ತಟ್ಟೆ, ಎಲ್ಲವೂ ಟ್ರಂಕಿನಲ್ಲಿ. ಒಲೆಯ ಹೊಗೆ, ಕಬ್ಬಿಣದ ಪುಡಿ ಕೂತು ಕಣ್ಣು ಕೆಟ್ಟರೆ ಮದುವೆಗೆ ಏನಿಡುತ್ತೀರಿ ಅಂತ ಅವಳ ವಾದ. ಅಪ್ಪ ಅವ್ವನಿಗೂ ಸರಿ ಅನ್ನಿಸಿತು. ನಾನು ಚೀಟಿ ಓದಿದೆ. "ಕಾಗದದ ಮಾತು ಕಟ್ಕೊಂಡು ಒಡವೆ ಸವೆಸ್ತಾರೇನೇ?" ಅಂದಳು ಅಜ್ಜಿ. ನಾನು ಎರಡನೇ ಸಲ ಓದಲಿಲ್ಲ. ಕುಂಕುಮದ ಭರಣಿಯಲ್ಲಿ ಹತ್ತಿ ಹಾಸಿ, ಕಣ್ಣಿಟ್ಟು, ಸೀರೆಗಳ ನಡುವೆ ನುಸಿಗುಳಿಗೆಯ ಜೊತೆ ಇಟ್ಟರು. ಆ ವರ್ಷ ಗೌರಿ ಹಬ್ಬಕ್ಕೆ ಭರಣಿಯಿಂದ ತೆಗೆದು ಕೂರಿಸಿದಾಗ ಬಿಗಿಯಾಗಿತ್ತು. ಮುಖ ತುಂಬಿಕೊಂಡಿದೆ ಅಂತ ಅವ್ವ ಖುಷಿಪಟ್ಟಳು.

ಮಾರನೆಯ ವರ್ಷ ನಾಗಸಂದ್ರದ ಕಡೆಯಿಂದ ಗಂಡಿನವರು ಬರುವುದಾಯಿತು. ಒಂದು ಕಣ್ಣು ಇಡಿಸಿದ್ದು ಅಂತ ಮುಂಚೆಯೇ ಹೇಳಿದ್ದೆವು. ನೋಡುವಾಗ ಗೊತ್ತಾಗದಿದ್ದರೆ ಸಾಕು ಅಂದಿದ್ದರು ಅವರು. ಬೆಳಿಗ್ಗೆ ತಲೆ ಬಾಚಿ, ಹೂ ಮುಡಿಸಿ, ಕಡೆಗೆ ಭರಣಿ ತೆಗೆದರು. ಕಣ್ಣು ಗುಳಿಯೊಳಗೆ ಹೋಗಲಿಲ್ಲ. ಅವ್ವ ಒತ್ತಿದಳು, ಅಜ್ಜಿ ಹರಳೆಣ್ಣೆ ಸವರಿ ಒತ್ತಿದಳು. ರೆಪ್ಪೆಯಂಚಿನಲ್ಲಿ ರಕ್ತ ಬಂತು. ಹೊರಗೆ ಆಗಲೇ ಚಪ್ಪಲಿ ಬಿಡುವ ಸದ್ದು.

ಅಕ್ಕ ಅಜ್ಜಿಯ ಕೈ ಹಿಡಿದು ಕೆಳಗಿಳಿಸಿದಳು. "ಬುಡಜ್ಜಿ. ನೀನು ಮಡಗಿದ ಜಾಗದಾಗೇ ಇರ್ಲಿ ಅದು."

"ಒಳ್ಳೇದಕ್ಕೇ ಅಂತ ಮಡಗಿದ್ದೆ ಕಣವ್ವ," ಅಂದಳು ಅಜ್ಜಿ. ಅದು ಸುಳ್ಳಲ್ಲ.

ಅಕ್ಕ ಸೆರಗು ಹೊದೆಯದೆ ಕಾಫಿ ತಟ್ಟೆ ಹಿಡಿದು ಹೊರಗೆ ಹೋದಳು. ಗಂಡು ತಟ್ಟೆಯನ್ನೇ ನೋಡಿದ. ಅವರು ಉಪ್ಪಿಟ್ಟು ತಿಂದರು, ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಅಂದರು, ಹೇಳಿಕಳಿಸಲಿಲ್ಲ. ಆಮೇಲೆ ಬೇರೆ ಯಾರೂ ಬರಲಿಲ್ಲ. ಆಸ್ಪತ್ರೆಯಲ್ಲಿ ಗುಳಿ ಕೊಯ್ದು ಅಗಲ ಮಾಡಬೇಕು, ಮಾಡಿದರೂ ನಿಲ್ಲುವ ಭರವಸೆಯಿಲ್ಲ ಅಂದರು. ಅಕ್ಕ ಕೊಯ್ಯಿಸಿಕೊಳ್ಳಲಿಲ್ಲ. ಮತ್ತೆ ಶೆಡ್ಡಿಗೇ ಹೋದಳು, ಕೂದಲು ನರೆಯುವವರೆಗೆ ಅರ ಉಜ್ಜಿದಳು. ಬಸ್ಸಿನಲ್ಲಿ ಅವಳ ಪಕ್ಕ ಕೂತವರು ಯಾರಾದರೂ ಅವಳನ್ನು ಯಾವೂರು ಅಂತ ಕೇಳಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಮೈ ತೊಳೆದು ಮಲಗಿಸಿದಾಗ ನನಗೆ ಏನನ್ನಿಸಿತೋ, ಭರಣಿ ತಂದು ಆ ಕಣ್ಣನ್ನು ಅವಳ ಮುಖದ ಹತ್ತಿರ ಹಿಡಿದೆ, ಆ ಮನುಷ್ಯ ಕಿಟಕಿಯ ಹತ್ತಿರ ಹಿಡಿದ ಹಾಗೆ. ಅವಳ ಇನ್ನೊಂದು ಕಣ್ಣು ಪೊರೆ ಬಂದು ಬೂದಿ ಬಣ್ಣವಾಗಿತ್ತು. ಇದು ಮಾತ್ರ ಹದಿನೇಳರಲ್ಲೇ ಇತ್ತು, ಬೆಲ್ಲದ ಪಾಕದ ಬಣ್ಣ, ಎರಡು ಕೆಂಪು ಎಳೆ. ಈಗ ಅದು ಅವಳಿಗೂ ಹೊಂದುತ್ತಿರಲಿಲ್ಲ. ವಾಪಸ್ಸು ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲೇ ಇಟ್ಟೆ. ನುಸಿಗುಳಿಗೆ ಸವೆದಾಗ ಹೊಸದು ಹಾಕುತ್ತೇನೆ.