ರೇಣಮ್ಮನ ಜಾಲಿ ಬೇಲಿ

ವನದುರ್ಗದ ನಮ್ಮ ಓಣಿಯಲ್ಲಿ ರೇಣಮ್ಮನಷ್ಟು ಅನುಮಾನದ ಹೆಂಗಸನ್ನು ನಾನು ಕಂಡಿಲ್ಲ. ಅವಳದೂ ನನ್ನದೂ ಗೋಡೆಗೆ ಗೋಡೆ ಹೊಂದಿದ ಮನೆ, ಹೆಚ್ಚು ಕಡಿಮೆ ಒಂದೇ ವಯಸ್ಸು. ಇದೇ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು ನಾನು. ಆದರೂ ನಾನು ಓದಿ ಹೇಳಿದ ಕಾಗದವನ್ನು ಅವಳು ಇನ್ನೊಬ್ಬರಿಂದ ಓದಿಸಿ ತಾಳೆ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಗಂಡ ತೀರಿಕೊಂಡ ವರ್ಷವೇ ದೊಡ್ಡಿಗೆ ಕಳ್ಳರು ನುಗ್ಗಿ ಆರು ಕುರಿ ಹೊಡೆದುಕೊಂಡು ಹೋದರು. ಕದ್ದವರು ಯಾರೆಂದು ಗೊತ್ತಾಗಲಿಲ್ಲ, ಹಾಗಾಗಿ ಎಲ್ಲರೂ ಕಳ್ಳರಾದರು. ಆಗಷ್ಟೇ ಕಾಲುವೆಗೆ ನೀರು ಬಿಟ್ಟಿದ್ದರು. ರೇಣಮ್ಮ ದೊಡ್ಡಿಯ ಸುತ್ತ ಬಳ್ಳಾರಿ ಜಾಲಿಯ ಬೀಜ ಊರಿ, ಕೊಡದಲ್ಲಿ ಕಾಲುವೆ ನೀರು ಹೊತ್ತು ತಂದು ಹಾಕಿದಳು. ಎರಡೇ ವರ್ಷದಲ್ಲಿ ನಾಯಿ ಕೂಡ ನುಸುಳದಂಥ ಮುಳ್ಳಿನ ಬೇಲಿ ಎದ್ದಿತು. ಅದರ ಮಗ್ಗುಲಲ್ಲೇ ಹೊರಸು ಹಾಕಿಕೊಂಡು ಮಲಗುವುದು ಅವಳ ರೂಢಿಯಾಯಿತು.

ಕುರಿ ಕೊಳ್ಳುವಾಗ ಅವಳದೊಂದು ಪರೀಕ್ಷೆ ಇತ್ತು. ಮಾರುವವನು ಇದು ಇದರದೇ ಮರಿ ಎಂದು ತಾಯಿ-ಮರಿ ಜೋಡಿ ತೋರಿಸಿದರೆ ನಂಬುತ್ತಿರಲಿಲ್ಲ. ಮರಿಯನ್ನು ಎತ್ತಿ ಬೇರೆ ಕುರಿಯ ಹತ್ತಿರ ಬಿಡುತ್ತಿದ್ದಳು. ಮರಿ ಅದನ್ನು ಬಿಟ್ಟು ತನ್ನ ತಾಯಿಯ ಕಡೆ ಓಡಿ, ತಾಯಿ ಮೂಸಿ ಹಾಲಿಗೆ ಬಿಟ್ಟುಕೊಂಡರೆ ಮಾತ್ರ ವ್ಯಾಪಾರ. ಆ ಪರೀಕ್ಷೆಯಲ್ಲಿ ಅವಳು ಒಮ್ಮೆಯೂ ಮೋಸ ಹೋಗಿರಲಿಲ್ಲ.

ಮೂರು ವರ್ಷದಿಂದ ಶಿವರಾತ್ರಿ ಹತ್ತಿರ ಬಂತೆಂದರೆ ಅವಳಿಗೆ ಸೀನು ಶುರುವಾಗುತ್ತಿತ್ತು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಆಮೇಲೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಮಗ ಅಂಬಣ್ಣ ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ದಿನಗೂಲಿಗೆ ಹೋಗುತ್ತಿದ್ದ. ಅವನದು ಒಂದೇ ಹಟ.

"ಕುರಿ ಉಣ್ಣೀದೇ ಇದೆಲ್ಲಾ. ಮಾರಿಬಿಡು ಯವ್ವಾ."

"ಇಂವಗ ಕುರಿ ಕಾಯೋದು ಬ್ಯಾಡಾಗ್ಯಾದ. ನನ್ನ ಉಸಿರಿನ ನೆವಾ ಹೇಳ್ತಾನ" ಎಂದು ರೇಣಮ್ಮ ನನ್ನ ಕಿವಿಯಲ್ಲಿ ಹೇಳಿದಳು.

ಶಹಾಪುರದ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಯಾವ ಹೂವಿನ ಪುಡಿ, ಯಾವ ಪ್ರಾಣಿಯ ಕೂದಲು ಮೈಗೆ ಆಗುವುದಿಲ್ಲ ಎಂದು ರಕ್ತವೇ ಹೇಳುತ್ತದಂತೆ. ಚರ್ಮಕ್ಕೆ ಚುಚ್ಚಿ ನೋಡುವ ಇನ್ನೊಂದು ಪರೀಕ್ಷೆ ಇದೆ, ಆದರೆ ಅದಕ್ಕೆ ಕೆಲವು ದಿನ ಸೀನಿಗೆ ನುಂಗುವ ಮಾತ್ರೆ ನಿಲ್ಲಿಸಬೇಕು, ಈಕೆಗೆ ಅದು ಆಗದ ಮಾತು ಎಂದರು. "ಉಣ್ಣೆ ಅಂತ ಬಂದ್ರ ಕುರಿ ಬಿಡಬೇಕಾಗ್ತದ" ಎಂದೂ ಹೇಳಿದರು. ಅಂಬಣ್ಣ ತಲೆಯಾಡಿಸಿದ್ದನ್ನು ರೇಣಮ್ಮ ನೋಡಿದಳು. ಅಷ್ಟು ಸಾಕಾಯಿತು.

"ಡಾಕ್ಟರಗೆ ಇಂವಾ ಮೊದಲೇ ಹೇಳ್ಯಾನ. ಕಾಗದದಾಗ ಉಣ್ಣಿ ಅಂತನೇ ಬರಸ್ತಾರ, ನೋಡ್ತಿರು" ಎಂದಳು. ಆಮೇಲೆ ನನ್ನ ಕೈ ಹಿಡಿದು, "ಲಾಲಮ್ಮಾ, ನಿನಗೂ ಮೈ ತುರಿಸ್ತದಲ್ಲ? ನೀನೂ ರಕ್ತ ಕೊಡು. ನನ್ನ ಹೆಸರು ಕರದ್ರ ನೀ ಹೋಗು, ನಿನ್ನ ಹೆಸರು ಕರದ್ರ ನಾ ಹೋಗ್ತೀನಿ. ಮರಿ ಅದಲುಬದಲು ಮಾಡಿ ನೋಡಮು" ಎಂದಳು.

ತಪ್ಪೆಂದು ನನಗೆ ಗೊತ್ತಿತ್ತು. ಓದಿದವಳು ನಾನೇ ಬೇಡ ಎನ್ನಬೇಕಿತ್ತು, ಆದರೆ ಅವಳ ಕಣ್ಣಿನಲ್ಲಿದ್ದ ಹೆದರಿಕೆ ನೋಡಿ ಹೂಂ ಅಂದೆ. ಲ್ಯಾಬಿನ ಬಾಷುಮಿಯಾ ತೋಳಿನ ನರ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಅಂಬಣ್ಣ ಹೊರಗೆ ಚಹಾ ಕುಡಿಯುತ್ತಿದ್ದ. ಎರಡು ಶೀಶೆ ರಕ್ತ ಹೈದರಾಬಾದಿಗೆ ಹೋಯಿತು.

ಎಂಟು ದಿನಕ್ಕೆ ಎರಡೂ ಕಾಗದ ಬಂದವು. ಅಂಕಿ ಹೆಚ್ಚಿದಷ್ಟೂ ಆ ವಸ್ತು ಮೈಗೆ ಆಗುವುದಿಲ್ಲ ಎಂದರ್ಥ. ರೇಣಮ್ಮ ಎಂದು ಹೆಸರಿದ್ದ ಕಾಗದದಲ್ಲಿ ಎಲ್ಲ ಹೂಪುಡಿಗೂ ಸೊನ್ನೆ, ಕುರಿ ಉಣ್ಣೆಗೆ ಮಾತ್ರ ಎರಡು. ಲಾಲಮ್ಮ ಎಂದಿದ್ದುದರಲ್ಲಿ ಉಣ್ಣೆಗೆ ಸೊನ್ನೆ, ಬಳ್ಳಾರಿ ಜಾಲಿಯ ಹೂಪುಡಿಗೆ ನಾಲ್ಕು.

ನನಗೆ ಚಿಕ್ಕಂದಿನಿಂದ ಕಂಬಳಿ ಆಗಿಬರುವುದಿಲ್ಲ, ಹೊದ್ದರೆ ಮೈಯೆಲ್ಲ ದದ್ದು. ಓಣಿಗೆಲ್ಲ ಗೊತ್ತಿದ್ದ ಮಾತು ಅದು, ರೇಣಮ್ಮ ಎಷ್ಟೋ ಸಲ ನಕ್ಕಿದ್ದಳು. ಈಗ ಅವಳು ನಗಲಿಲ್ಲ.

"ಮರಿ ತನ್ನ ತಾಯಿ ಹಂತ್ಯಾಕೇ ಹೋಗ್ಯಾದ ಲಾಲಮ್ಮಾ" ಎಂದಳು ಮೆಲ್ಲಗೆ. "ಕಂಬಳಿ ಆಗದ್ದು ನಿನ್ನ ರಕ್ತಕ್ಕ, ಅದನ್ನೇ ಬರದಾರ. ಸುಳ್ಳು ಬರದಿಲ್ಲ ಅವರು."

ಅಷ್ಟರಲ್ಲಿ ಅಂಬಣ್ಣ ಕಾಗದ ನೋಡಿ ಆಗಿತ್ತು. ಮರುದಿನ ಬೆಳಿಗ್ಗೆಯೇ ಸುರಪುರದ ಕುರಿ ವ್ಯಾಪಾರಿ ರಾಜಾಸಾಬನನ್ನು ಕರೆತಂದ. ರಾಜಾಸಾಬ ಕುರಿಗಳ ಬೆನ್ನು ಮುಟ್ಟಿ ನೋಡುತ್ತಿದ್ದಾಗ ರೇಣಮ್ಮ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ಅದು ನನ್ನ ರಕ್ತ ಅಲ್ಲೋ ಅಂಬಣ್ಣ. ಲಾಲಮ್ಮಂದು."

ಅಂಬಣ್ಣ ನಂಬಲಿಲ್ಲ. ಹೇಗೆ ನಂಬಿಯಾನು? ಅವಳ ಮಗನಲ್ಲವೇ!

"ಕುರಿ ಉಳಸ್ಕೊಳ್ಳಾಕ ಹೊಸಾ ಕಥಿ ಕಟ್ಟಾಕತ್ತಿ" ಎಂದ. ನಾನು ಹೌದು ಎಂದರೆ ನನ್ನನ್ನೂ ದುರುಗುಟ್ಟಿ ನೋಡಿದ. "ಚಿಗವ್ವಾ, ನೀನೂ ಆಕಿ ಕಡೀಗೇ ಸೇರಿದಿ?" ಎಂದವನ ದನಿ ಒಡೆಯಿತು. "ಆಕಿ ಎದಿ ಸುಂಯ್ ಅಂದಾಗೆಲ್ಲಾ ನನ್ನ ಜೀವಾ ಬಾಯಿಗೆ ಬರ್ತದ. ಅಪ್ಪ ಹೋದ, ಈಕೀನೂ ಹೋದ್ರ ನಾ ಯಾರ ಮುಖಾ ನೋಡ್ಲಿ?"

ರೇಣಮ್ಮ ಮಗನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ, "ನಡಿ, ಮತ್ತೊಮ್ಮೆ ಕೊಡ್ತೀನಿ. ನೀನೇ ಕೈ ಹಿಡ್ಕೋ" ಎಂದಳು.

ರಾಜಾಸಾಬ ಬರಿಗೈಯಲ್ಲಿ ಹೋದ. ಶಹಾಪುರದಲ್ಲಿ ನಡೆದುದನ್ನೆಲ್ಲ ಬಾಷುಮಿಯಾನಿಗೆ ಹೇಳಿದಾಗ ಅವನು ಇಬ್ಬರನ್ನೂ ಚೆನ್ನಾಗಿ ಬೈದ, ಬೈಸಿಕೊಂಡೆವು. ಈ ಸಲ ಅಂಬಣ್ಣ ತಾಯಿಯ ತೋಳು ಹಿಡಿದು ಸೂಜಿ ಒಳಗೆ ಹೋಗಿ ಹೊರಗೆ ಬರುವ ತನಕ ಕಣ್ಣು ಮಿಟುಕಿಸಲಿಲ್ಲ. ಶೀಶೆಗೆ ಹಚ್ಚಿದ ಹೆಸರನ್ನು ಎರಡು ಸಲ ಓದಿದ.

ಮತ್ತೆ ಅದೇ ಉತ್ತರ ಬಂತು. ಉಣ್ಣೆಗೆ ಸೊನ್ನೆ, ಜಾಲಿಗೆ ನಾಲ್ಕು.

"ಮನಿ ಹತ್ರ ಜಾಲಿ ಅದ ಏನಮ್ಮ?" ಎಂದು ಡಾಕ್ಟರು ಕೇಳಿದರು.

ದೊಡ್ಡಿಯ ಬೇಲಿಯೇ ಜಾಲಿ ಎಂದು ನಾನೇ ಹೇಳಿದೆ.

ಊರಿಗೆ ಬಂದಾಗ ಬೇಲಿಯ ತುಂಬ ಹಳದಿ ಹೂವು ಜೋತಾಡುತ್ತಿತ್ತು. ಹೊರಸಿನ ಮೇಲೆಲ್ಲ ಅದರ ಪುಡಿ. ಅಂಬಣ್ಣ ಕೊಡಲಿ ತಂದ. ರೇಣಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ನಮ್ಮ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು.

"ಡಾಕ್ಟರ, ಮಗ, ನೀನು, ಎಲ್ಲಾರ ಮ್ಯಾಲೂ ಅನುಮಾನ ಪಟ್ಟೆ" ಎಂದಳು. "ಇದಕ್ಕ ಮಾತ್ರ ನಾನೇ ನೀರು ಹೊತ್ತು ಹಾಕೀನಿ ನೋಡು."

ನಾನು ಅವಳ ಕೈ ಹಿಡಿದುಕೊಂಡೆ.

ಸಂಜೆಯ ಹೊತ್ತಿಗೆ ಬೇಲಿ ನೆಲಕ್ಕೆ ಬಿದ್ದಿತ್ತು, ಬಯಲಿನಲ್ಲಿ ಕುರಿಗಳು ಒತ್ತಿಕೊಂಡು ನಿಂತಿದ್ದವು. ಇನ್ನು ಕಾಯುವವರು ಯಾರು ಎಂದು ಅವಳು ಕೇಳುವ ಮುಂಚೆಯೇ ಅಂಬಣ್ಣ ಅವಳ ಹೊರಸನ್ನು ಒಳಮನೆಗೆ ಸಾಗಿಸಿ, ತನ್ನ ಹಾಸಿಗೆಯನ್ನು ದೊಡ್ಡಿಯ ಬಾಗಿಲಲ್ಲಿ ಹಾಸಿದ.

ರೇಣಮ್ಮ ಎದ್ದು ಹೋಗಿ ತನ್ನ ಕಂಬಳಿ ತಂದು ಅವನಿಗೆ ಕೊಟ್ಟಳು.