ಕತ್ತು ತಿರುಗಿಸದ ಕೆಂಪಣ್ಣ

ನನ್ನ ಮೈದುನ ಕೆಂಪಣ್ಣ ಕತ್ತು ತಿರುಗಿಸುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ನಿಂತು, ಎತ್ತಿನ ಗಾಡಿ ತಿರುಗಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ಹುಡುಗನಿಗೆ ಏನೋ ಐಬಿದೆ, ನಮ್ಮವರಿಗೆ ಹೇಳದೆ ಮುಚ್ಚಿಟ್ಟಿದ್ದಾರೆ ಅಂದುಕೊಂಡಿದ್ದೆ. ಐಬಲ್ಲ, ಅಭ್ಯಾಸ. ಮೀಸೆ ಮೂಡುವ ಮುಂಚಿನಿಂದ ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತು ಓಡಿದವನು. ತಲೆ ಅಲ್ಲಾಡಿದರೆ ಹಾಲು ತುಳುಕುತ್ತದೆ.

ನಮ್ಮದು ಸೂಲಿಬೆಲೆ ಪಕ್ಕದ ಊರು. ಆಗ ಊರೊಳಕ್ಕೆ ಬಸ್ಸಿರಲಿಲ್ಲ. ಬೆಳಗ್ಗೆ ಕರೆದ ಹಾಲು ಸೂಲಿಬೆಲೆಯಲ್ಲಿ ಹೊಸಕೋಟೆಯ ಮೊದಲ ಬಸ್ಸು ಹತ್ತದಿದ್ದರೆ ಮಧ್ಯಾಹ್ನಕ್ಕೆ ಒಡೆದಿರುತ್ತಿತ್ತು. ಅದಕ್ಕೇ ನಾಲ್ಕೈದು ಗಂಡಸರು ಊರಿನ ಹಾಲನ್ನೆಲ್ಲ ಹೊತ್ತುಕೊಂಡು ಕೆರೆ ಏರಿಯ ಮೇಲೆ ಸಾಲಾಗಿ ಓಡುತ್ತಿದ್ದರು. ಏರಿ ಕಿರಿದು. ಒಬ್ಬರಿಗೊಬ್ಬರು ತಾಗಿದರೆ ಇಬ್ಬರ ಹಾಲೂ ಕೆರೆ ಪಾಲು. ಹಾಗಾಗಿ ಅವರಲ್ಲೊಂದು ಕಟ್ಟುಪಾಡಿತ್ತು. ಮುಂದಿನವನನ್ನು ಹಿಂದಿನವನು ದಾಟಬಾರದು. ಮುಂದಿನವನಿಗೆ ಸುಸ್ತಾದರೆ ಅವನೇ ಬಲಗೈ ಚಾಚಿ ಪಕ್ಕಕ್ಕೆ ಸರಿಯಬೇಕು, ಆಮೇಲೆ ದಾಟಬಹುದು. ಓಡುವಾಗ ಬಾಯಿ ಬಿಡಬಾರದು. ಕೂಗಿದರೆ ಮೈ ಅದುರುತ್ತದೆ, ಮುಂದಿನವನೂ ಬೆಚ್ಚುತ್ತಾನೆ.

ಸಾಲಿನ ಮುಂದಾಳು ಮುನಿಯಪ್ಪ. ಹಿಂದಿನ ಬೀದಿಯವನು, ಹೆಂಡತಿ ಮಕ್ಕಳಿಲ್ಲದ ಒಂಟಿ. ನಮಗೇನೂ ನೆಂಟನಲ್ಲ. ಆದರೆ ಕೆಂಪಣ್ಣನಿಗೆ ಹೆಗಲಿಗೆ ಹೆಗಲು ಕೊಟ್ಟು ಓಟ ಕಲಿಸಿದವನು ಅವನೇ. ಅವನು ನಿಲ್ಲು ಅಂದರೆ ಕೆಂಪಣ್ಣ ಬಿಸಿಲಲ್ಲೂ ನಿಂತಿರುತ್ತಿದ್ದ. ಮನೆಯವರ ಮಾತು ಅಷ್ಟು ಕೇಳಿದವನಲ್ಲ.

ಕೆಂಪಣ್ಣನಿಗೆ ನಡೆಯಲು ಬರುತ್ತಿರಲಿಲ್ಲ. ಸಾವಿನ ಮನೆಗೂ ಓಡುತ್ತಲೇ ಹೋಗುತ್ತಿದ್ದ. ಉಣ್ಣಲು ಕೂತರೆ ಮಂಡಿ ಕುಣಿಯುತ್ತಿತ್ತು, ತಟ್ಟೆಯಲ್ಲಿ ಸಾರು ಅಲೆಯಾಡುತ್ತಿತ್ತು. ಗದರಿದರೆ, “ಕಾಲು ನಂದಲ್ಲ ಅತ್ತಿಗೆ, ಹಾಲಿಂದು” ಅನ್ನುತ್ತಿದ್ದ. ಅವನ ಮದುವೆ ಮೆರವಣಿಗೆಯಲ್ಲಿ ವಾಲಗದವರನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದ. ಅವನ ಶಲ್ಯಕ್ಕೆ ಸೆರಗು ಗಂಟು ಹಾಕಿಸಿಕೊಂಡಿದ್ದ ರತ್ನ ದಾರಿಯ ಮಧ್ಯೆ ಅದನ್ನು ಹಿಡಿದು ಜಗ್ಗಿದಳು. “ನಾನೇನು ಒಡೆದೋಗಲ್ಲ, ನಿಧಾನಕ್ಕೆ ನಡೀರಿ” ಅಂದಳು. ಇಡೀ ಬೀದಿ ನಕ್ಕಿತು. ಅವನೂ ನಕ್ಕ. ಅವಳ ಪಕ್ಕದಲ್ಲಿ ಮಾತ್ರ ಅವನು ನಡೆಯುವುದನ್ನು ನಾನು ನೋಡಿದ್ದು.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಊರಿಗೆ ಡೈರಿಯ ವ್ಯಾನು ಬರತೊಡಗಿತು. ಹಾಲು ಹೊರುವವರು ಯಾರಿಗೂ ಬೇಡವಾದರು. ನಮ್ಮ ಹೊಲ ನನ್ನ ಗಂಡನೊಬ್ಬನ ದುಡಿಮೆಗೇ ಸಾಲದಷ್ಟು ಚಿಕ್ಕದಿತ್ತು. ಆ ಹೊತ್ತಿಗೆ ರತ್ನ ಬಾಣಂತನಕ್ಕೆಂದು ಮಾಲೂರಿನ ಕಡೆಯ ತವರಿಗೆ ಹೋಗಿದ್ದಳು. ಹೆಣ್ಣು ಮಗುವಾಯಿತು. ಕರೆತರಲು ಹೋದರೆ ಅವಳಪ್ಪ ಬಾಗಿಲಿಗೆ ಅಡ್ಡ ಕೂತಿದ್ದ. ತೆಲುಗು ಮನೆಮಾತಿನವನು. “ಉದ್ಯೋಗಂ ಉಂಟೇನೇ ಪಂಪಿಸ್ತಾನು” ಅಂದ. ನೌಕರಿ ಇದ್ದರೆ ಮಾತ್ರ ಕಳಿಸುತ್ತೇನೆ ಅಂತ. ನಾನೂ ಜೊತೆಗೆ ಹೋಗಿದ್ದೆ, ಬಾಯಿಗೆ ಬಂದದ್ದನ್ನೆಲ್ಲ ಅಂದು ನೋಡಿದೆ. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಕೆಂಪಣ್ಣ ಕಿಟಕಿಯಿಂದ ಮಗುವನ್ನು ನೋಡಿಕೊಂಡು ಬಂದ.

ಕೆಲಸ ಹೋದರೂ ಹಾಲಿನವರ ಕಾಲು ಸುಮ್ಮನಿರಲಿಲ್ಲ. ಸಾಯಂಕಾಲ ಬರಿದಲೆಯಲ್ಲಿ ಅದೇ ಏರಿಯ ಮೇಲೆ ಓಡುತ್ತಿದ್ದರು. ಶಾಲೆಯ ಮೇಷ್ಟ್ರು ಅವರಿಗೆ ಓಟದ ಸಂಘ ಅಂತ ಹೆಸರಿಟ್ಟು, ದೇವನಹಳ್ಳಿ ದೊಡ್ಡಬಳ್ಳಾಪುರದ ಪಂದ್ಯಗಳಿಗೆ ಕಳಿಸಿದರು. ಹಿತ್ತಾಳೆ ಲೋಟ ಗೆದ್ದು ಬಂದರು. ಊರವರು, “ಏನ್ರಪ್ಪಾ, ಹಾಲಿಲ್ಲದ ಲೋಟ ತಂದ್ರಾ” ಅಂತ ರೇಗಿಸಿದರು.

ಆಗ ಹೊಸಕೋಟೆಯ ರಸ್ತೆಗೆ ಒಂದು ಹೊಸ ಕಾರ್ಖಾನೆ ಬಂತು. ಪ್ರಾರಂಭದ ಸಡಗರಕ್ಕೆ ರಸ್ತೆ ಓಟ ಇಟ್ಟರು. ಸೂಲಿಬೆಲೆಯಿಂದ ಕಾರ್ಖಾನೆಯ ಗೇಟಿನವರೆಗೆ. ಮೊದಲು ಬಂದವನಿಗೆ ಅಲ್ಲೇ ಖಾಯಂ ಕಾವಲುಗಾರನ ಕೆಲಸ. ಸುದ್ದಿ ಕೇಳಿದ ದಿನದಿಂದ ಕೆಂಪಣ್ಣ ಮನುಷ್ಯನಾಗಿ ಉಳಿಯಲಿಲ್ಲ. ಬೆಳಗ್ಗೆ ಓಡಿದ, ಸಂಜೆ ಓಡಿದ. ಕಾಲಿನ ಉಗುರು ಕಪ್ಪಾಗಿ ಬಿದ್ದವು. ಮುದ್ದೆ ಮುರಿದು ಹಾಗೇ ಬಿಟ್ಟು ಏಳುತ್ತಿದ್ದ. ಒಂದು ದಿನ ನಾನು ಒಲೆ ಸಾರಿಸುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ.

“ಮಗು ಎಷ್ಟು ದಿನ ಕಾಯ್ತದೆ ಅತ್ತಿಗೆ, ಅಪ್ಪನ ಗುರುತು ಹಿಡಿಯೋಕೆ?”

ನನಗೇನು ಗೊತ್ತು. ಮಗು ಯಾರಿಗೂ ಕಾಯಲ್ಲ, ನೀನು ಬೇಗ ಕರ್ಕೊಂಡು ಬಾ ಅಂದೆ.

ಸಂಘದವರು ನಮ್ಮ ಜಗುಲಿಯಲ್ಲೇ ಕೂತು ತೀರ್ಮಾನ ಮಾಡಿದರು. ಕೆಲಸ ಕೆಂಪಣ್ಣನಿಗೇ ಸಿಗಬೇಕು. ಮುನಿಯಪ್ಪನಿಗೆ ತಲೆ ನರೆತಿದ್ದರೂ ಓಟ ನರೆತಿರಲಿಲ್ಲ. ಅವನು ಮುಂದೆ ಓಡಿ ಹೊರಗಿನವರನ್ನು ದಣಿಸುವುದು, ಕಾರ್ಖಾನೆಗೆ ಮುಂಚೆ ಸಿಗುವ ಕೆರೆ ಏರಿ ಮುಗಿಯುವಲ್ಲಿ ಕೈ ಚಾಚಿ ಕೆಂಪಣ್ಣನಿಗೆ ದಾರಿ ಬಿಡುವುದು. ಅಷ್ಟೇ ಮಾತು. ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಓಟದ ದಿನ ನಾನು ಊರಿನ ಹೆಂಗಸರ ಜೊತೆ ಆ ಏರಿಯ ತುದಿಗೆ ಹೋಗಿ ನಿಂತಿದ್ದೆ. ಅಲ್ಲಿಂದ ಗೇಟು ಕಾಣುತ್ತಿತ್ತು. ತಮಟೆಯವರು ಆಗಲೇ ಕಿವಿ ಹರಿಯುವ ಹಾಗೆ ಬಡಿಯುತ್ತಿದ್ದರು. ಏರಿಯ ಮೇಲೆ ಮೊದಲು ಕಂಡವನು ಮುನಿಯಪ್ಪ. ಅವನ ಬೆನ್ನಿಗೇ ಕೆಂಪಣ್ಣ. ಬೆಂಗಳೂರಿನಿಂದ ಬೂಟು ಹಾಕಿಕೊಂಡು ಬಂದಿದ್ದವನು ಎಷ್ಟೋ ಹಿಂದೆ ಕಾಲೆಳೆಯುತ್ತಿದ್ದ. ಕೆಲಸ ಸಿಕ್ಕಿತು ಅಂದುಕೊಂಡೆ.

ಇಬ್ಬರೂ ಏರಿ ಇಳಿದರು. ಮುನಿಯಪ್ಪ ಕೈ ಚಾಚಲಿಲ್ಲ. ನಮ್ಮ ಮುಂದೆಯೇ ಹೋದರು, ಆಗಲೂ ಚಾಚಲಿಲ್ಲ. ಅವನ ಮುಖ ಹೆಣದ ಹಾಗೆ ಬಿಳಿಚಿತ್ತು, ಸಾಯುವವನಂತೆ ಓಡುತ್ತಿದ್ದ. ಕೆಂಪಣ್ಣನ ಉಸಿರಿನಲ್ಲಿ ಇನ್ನೂ ಕಸುವಿತ್ತು, ನೋಡಿದರೆ ತಿಳಿಯುತ್ತಿತ್ತು. ರಸ್ತೆ ಅಗಲವಾಗಿತ್ತು, ಲಾರಿ ಹೋಗುವಷ್ಟು ಜಾಗವಿತ್ತು. ದಾಟೋ ಕೆಂಪಾ ಅಂತ ನಾನು ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ತಮಟೆಯಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅವನು ಮುನಿಯಪ್ಪನ ಬಲಗೈಯನ್ನೇ ನೋಡುತ್ತಾ, ಒಂದೇ ಅಂತರದಲ್ಲಿ, ಗೇಟಿನವರೆಗೂ ಹಿಂದೆಯೇ ಓಡಿದ.

ಮುನಿಯಪ್ಪ ಗೇಟಿನೊಳಗೆ ಬಿದ್ದ. ಎಬ್ಬಿಸಿ ನೀರು ಕುಡಿಸಿದಾಗ ಇಡೀ ಮೈ ತಿರುಗಿಸಿ ನೋಡಿದ. ಹಿಂದೆ ಕೆಂಪಣ್ಣ ನಿಂತಿದ್ದ.

“ನೀನೇನಾ ಹಿಂದಿದ್ದಿದ್ದು” ಅಂದ.

ಆದದ್ದು ಇಷ್ಟು. ಏರಿಗೆ ಮುಂಚೆ ಕೆಂಪಣ್ಣನಿಗೆ ಪಕ್ಕೆ ಹಿಡಿದುಕೊಂಡಿತ್ತು, ಹಿಂದೆ ಬಿದ್ದಿದ್ದ, ಬೂಟಿನವನು ಅವನನ್ನು ದಾಟಿದ್ದ. ಸೈಕಲ್ಲಿನಲ್ಲಿ ಜೊತೆಗೆ ಬರುತ್ತಿದ್ದ ಯಾರೋ ಮುನಿಯಪ್ಪನಿಗೆ, ನಿಮ್ಮ ಹುಡುಗ ಹಿಂದೆ ಬಿದ್ದ, ಬೆಂಗಳೂರಿನವನು ಬೆನ್ನಿಗಿದ್ದಾನೆ ಅಂತ ಹೇಳಿ ಮುಂದೆ ಹೋಗಿಬಿಟ್ಟ. ಕೆಂಪಣ್ಣ ಪಕ್ಕೆ ಸಡಿಲಿಸಿಕೊಂಡು ಬೂಟಿನವನನ್ನು ಹಿಂದಿಕ್ಕಿ ಬಂದದ್ದು ಮುನಿಯಪ್ಪನಿಗೆ ಗೊತ್ತಾಗಲಿಲ್ಲ. ಕತ್ತು ತಿರುಗಿಸಿ ನೋಡುವ ಅಭ್ಯಾಸ ಅವನಿಗೂ ಇರಲಿಲ್ಲವಲ್ಲ. ಬೆನ್ನ ಹಿಂದಿನ ಹೆಜ್ಜೆ ಪರರದ್ದು ಅಂದುಕೊಂಡು, ಕೆಲಸ ಪರರಿಗೆ ಹೋಗಬಾರದು, ನಾನೇ ಗೆದ್ದು ಹುಡುಗನಿಗೆ ಕೊಡಿಸುತ್ತೇನೆ ಅಂತ ಜೀವ ಒತ್ತೆಯಿಟ್ಟು ಓಡಿದ. ಕೆಂಪಣ್ಣ ಬಾಯಿ ಬಿಡಲಿಲ್ಲ. ಇವನು ಕೈ ಚಾಚಲಿಲ್ಲ.

ಕಾರ್ಖಾನೆಯ ಅಧಿಕಾರಿ ಕೆಟ್ಟವನೇನಲ್ಲ. ಮುನಿಯಪ್ಪನ ತಲೆ ನೋಡಿ, ವಯಸ್ಸು ಮೀರಿದೆ, ಕೆಲಸ ಕೊಡಲು ಬರುವುದಿಲ್ಲ ಅಂತ ಮೆತ್ತಗೆ ಹೇಳಿದ. ಮುನಿಯಪ್ಪ ಅವನ ಕಾಲು ಹಿಡಿದುಕೊಂಡ.

“ನಂಗೆ ಬೇಡ ಸ್ವಾಮಿ. ಇವನಿಗೆ ಕೊಡಿ. ಇವನು ನನ್ನ ಮರ್ಯಾದೆಗೆ ನಿಂತವನು, ಸೋತವನಲ್ಲ.”

“ಎರಡನೇವ್ರಿಗೆ ಕೊಟ್ರೆ ಮೂರನೇವ್ರು ಬಂದು ಕೇಳ್ತಾರೆ ಯಜಮಾನ್ರೇ. ಏಳಿ” ಅಂದ ಅಧಿಕಾರಿ.

ಆ ಕೆಲಸ ಯಾರಿಗೂ ಸಿಗಲಿಲ್ಲ. ನಾನು ಅಲ್ಲೇ ಕೆಂಪಣ್ಣನ ಕೆನ್ನೆಗೆ ಹೊಡೆದೆ. ಯಾಕೆ ದಾಟಲಿಲ್ಲ ಅಂದೆ. ಮುನಿಯಣ್ಣ ಕೈ ತೋರಿಸಲಿಲ್ಲ ಅತ್ತಿಗೆ ಅಂದ. ಹೊಡೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಇನ್ನೊಂದು ಕೊಡಬೇಕಿತ್ತು.

ಅವನು ಮನೆಗೆ ಬರದೆ ಅಲ್ಲಿಂದಲೇ ಮಾಲೂರಿನ ಕಡೆಗೆ ಓಡಿದ. ಬೇರೆಯವರ ಬಾಯಿಂದ ರತ್ನಳಿಗೆ ಗೊತ್ತಾಗಬಾರದು ಅಂತ. ಮಾರನೇ ದಿನ ಹಿಂದಿರುಗಿ ಬಂದು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಅವಳು ಸೇದುವ ಬಾವಿಯ ಹತ್ತಿರ ಸಿಕ್ಕಳಂತೆ. ಮತ್ತೆ ಯಾರು ಗೆದ್ದಿದ್ದು ಅಂತ ಕೇಳಿದಳಂತೆ.

“ನಮ್ಮೋರೇ ಅಂದೆ ಅತ್ತಿಗೆ.”

ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳಂತೆ. ಆ ವರ್ಷ ಕಳೆಯುವುದರೊಳಗೆ ಅವಳಪ್ಪ ಅವಳನ್ನು ಮುಳಬಾಗಿಲಿನ ಕಡೆಯ ಹೆಂಡತಿ ಸತ್ತ ನೌಕರನೊಬ್ಬನಿಗೆ ಕೂಡಿಕೆ ಮದುವೆ ಮಾಡಿಕೊಟ್ಟ. ಮಗುವೂ ಜೊತೆಗೆ ಹೋಯಿತು.

ಸುದ್ದಿ ಬಂದ ವಾರವೇ ಕೆಂಪಣ್ಣ ಸೇಲಂ ಕಡೆ ಕಲ್ಲಿನ ಕೆಲಸಕ್ಕೆ ಹೋಗುತ್ತೇನೆ ಅಂತ ಹೊರಟ. ಸೂಲಿಬೆಲೆಯಲ್ಲಿ ಲಾರಿ ನಿಂತಿತ್ತು. ನಾನು ರಾಗಿ ರೊಟ್ಟಿಯ ಗಂಟು ಕೊಡಲು ಹೋಗಿದ್ದೆ. ಮುನಿಯಪ್ಪ ಓಟದ ದಿನದಿಂದ ಯಾರಿಗೂ ಮುಖ ತೋರಿಸುತ್ತಿರಲಿಲ್ಲ, ಒಲೆ ಹಚ್ಚುತ್ತಿದ್ದದ್ದೂ ಅಪರೂಪ. ಕೆಂಪಣ್ಣ ರೊಟ್ಟಿ ತೆಗೆದುಕೊಂಡು, ಲಾರಿ ಹತ್ತುವ ಮುಂಚೆ ಇಷ್ಟೇ ಹೇಳಿದ.

“ಮುನಿಯಣ್ಣ ಉಣ್ತಾ ಇಲ್ಲ. ನನ್ನ ಪಾಲಿನ ಮುದ್ದೆ ಅವನಿಗೆ ಹಾಕಿ.”

ನನಗೆ ಆ ಮುದುಕನ ಮೇಲೆ ಕೆಂಡದಂಥ ಸಿಟ್ಟಿತ್ತು. ಆದರೂ ಆ ದಿನವೇ ಹೋಗಿ ಎಳೆದು ತಂದು ಕೂರಿಸಿ ಬಡಿಸಿದೆ. ಬಿಕ್ಕುತ್ತಾ ಉಂಡ. ಆಮೇಲೆ ಬಿಕ್ಕದೆ ಉಂಡ. ಸಾಯುವವರೆಗೂ ನಮ್ಮ ಮನೆಯಲ್ಲೇ ಉಂಡ. ಕೆಂಪಣ್ಣ ಬರಲಿಲ್ಲ.