ಜ್ವರಕ್ಕೆ ಕೂತವನು

ನಾನು ಬರೆದ ಮೊದಲ ಕಥೆಯ ಗಂಡಸು ಶುದ್ಧ ಸೋಮಾರಿ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೆರಡೇ ದಿನ ಇರುವಾಗ, ಹೆಂಡತಿ ತವರಿಗೆ ಹೋದ ಹೊತ್ತಿನಲ್ಲಿ, ಸೊಪ್ಪು ಹಾಕದೆ ಮಲಗಿಬಿಡುತ್ತಾನೆ. ಹುಳುಗಳೆಲ್ಲ ಸಾಯುತ್ತವೆ. ಸಾಲುಸಾಲಿಗೂ ಅವನ ಚಳಿ ಬಿಡಿಸಿ, ಕೊನೆಗೆ ಕೆರೆಗೆ ಬೀಳಿಸಿ ಕೊಂದಿದ್ದೆ. ಬರೆಯುವಾಗ ಬಹಳ ಖುಷಿಯಾಗಿತ್ತು.

ದೇವರಾಯಸಮುದ್ರದ ಹತ್ತಿರದ ನಮ್ಮೂರಿನಲ್ಲಿ, ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಅಮ್ಮನಿಗೆ ಅದನ್ನು ಓದಿ ಹೇಳಿದೆ.

"ಪನಿಕಿಮಾಲಿನೋಡು! ಕೆಲ್ಸಕ್ಕೆ ಬಾರ್ದೋನು! ನನ್ ಕೈಗೆ ಸಿಕ್ಕಿದ್ರೆ ಪೊರಕೇಲಿ ಬಾರಿಸ್ತಿದ್ದೆ," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ನಾನು ಹಿಗ್ಗಿದೆ. ಅಷ್ಟರಲ್ಲಿ ಅವಳ ಕೈ ನಿಂತಿತು.

"ಅಲ್ಲ ಕಣೇ, ಅವ್ನು ಜ್ವರಕ್ಕೆ ಕೂತಿದ್ನೇನೋ. ನೋಡಿದ್ಯಾ ನೀನು?"

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅವು ತಲೆಯೆತ್ತಿ ಸುಮ್ಮನೆ ಕೂರುತ್ತವೆ, ತಿನ್ನುವುದಿಲ್ಲ, ಕದಲುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ, ಇವೇನು ಇಷ್ಟು ಮೈಗಳ್ಳರು ಅಂತ ಕಡ್ಡಿಯಿಂದ ತಿವಿದು ಎಬ್ಬಿಸಲು ಹೋಗಿ ಅಮ್ಮನಿಂದ ಏಟು ತಿಂದಿದ್ದೆ.

ಇಲ್ಲ, ನಾನು ನೋಡಿರಲಿಲ್ಲ. ನಾನೇ ಹುಟ್ಟಿಸಿದವನ ಮುಖವನ್ನು ನಾನೇ ನೋಡಿರಲಿಲ್ಲ. ನಾಚಿಕೆಯಾಯಿತು. ಮತ್ತೆ ಬರೆದೆ. ಈ ಸಲ ಅವನು ಮಲಗಿಕೊಂಡೇ ಎಲ್ಲ ಕೇಳಿಸಿಕೊಳ್ಳುತ್ತಾನೆ. ಸೊಪ್ಪು ಮೇಯುವ ಸದ್ದು ಕಮ್ಮಿಯಾಗುತ್ತಾ ಹೋಗಿದ್ದು, ಆಮೇಲೆ ನಿಂತೇ ಹೋಗಿದ್ದು. ಏಳಬೇಕು ಅಂದುಕೊಳ್ಳುತ್ತಾನೆ, ಏಳಲಾಗುವುದಿಲ್ಲ. ತವರಿಂದ ಬಂದ ಹೆಂಡತಿಯ ಬೈಗುಳ ಮಾತ್ರ ಒಂದಕ್ಷರ ಕಡಿಮೆ ಮಾಡಲಿಲ್ಲ. ಆದರೆ ಅವನನ್ನು ಕೊಲ್ಲಲಿಲ್ಲ.

ಮುಳಬಾಗಿಲಿನಲ್ಲಿ ನಾವು ಕೆಲವರು ಭಾನುವಾರ ಸೇರಿ ಬರೆದದ್ದನ್ನು ಓದುತ್ತಿದ್ದೆವು. ಎಲ್ಲರ ಕಥೆ ಸೇರಿಸಿ ಒಂದು ಪುಸ್ತಕ ತರುವುದೆಂದಾಗಿತ್ತು. ನನ್ನ ಹೆಸರು ಅಚ್ಚಾಗುವುದು ಅದೇ ಮೊದಲು. ಅಮ್ಮ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಪುಸ್ತಕದ ಹೊಣೆ ಹೊತ್ತಿದ್ದ ನಿವೃತ್ತ ಮೇಷ್ಟ್ರು ನನ್ನ ಎರಡೂ ಕರಡು ಓದಿದರು.

"ಚೆನ್ನಾಗಿ ಬರ್ದಿದ್ದೀಯಮ್ಮ. ಆದ್ರೆ ಅವ್ನಿಗೆ ಶಿಕ್ಷೆ ಎಲ್ಲಿ?"

"ಹೆಂಡ್ತಿ ಎರಡು ಪುಟ ಬೈತಾಳಲ್ಲ ಸಾರ್."

"ಬೈದ್ರೆ ಸಾಲ್ದು. ಕನಿಕರ ತೋರ್ಸಿದ್ರೆ ಇಂಥೋರು ತಲೆ ಮೇಲೆ ಕೂರ್ತಾರೆ. ಮೊದಲಿನ ಥರ ಸಾಯ್ಸು, ಹಾಕ್ತೀನಿ. ಇಲ್ಲಾಂದ್ರೆ ಆಗಲ್ಲ."

ಉಳಿದವರು ಹೌದೆಂದು ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ಅವನು ಮಾಡಿದ್ದು ಸರಿ ಅಂತ ನಾನೆಲ್ಲಿ ಬರೆದಿದ್ದೆ? ಹುಳು ಸತ್ತಿದ್ದು ಅವನಿಂದಲೇ. ಅದನ್ನು ಮುಚ್ಚಿಡಲಿಲ್ಲವಲ್ಲ! ಒಬ್ಬನನ್ನು ಹತ್ತಿರದಿಂದ ನೋಡಿದರೆ ಅವನ ತಪ್ಪು ಮಾಫಿಯಾಯಿತು ಅಂತ ಇವರಿಗೆ ಹೇಳಿದವರು ಯಾರು? ಕಥೆಯ ಸೋಮಾರಿಯನ್ನು ಬೈಯುವುದು ಸುಲಭ, ಅವನು ತಿರುಗಿ ಮಾತಾಡುವುದಿಲ್ಲ. ನಾನೂ ಅದನ್ನೇ ಮಾಡಿದ್ದವಳು, ಅದರ ರುಚಿ ನನಗೆ ಗೊತ್ತು.

"ಕೊಡಿ ಸಾರ್ ಇಲ್ಲಿ," ಎಂದು ಹಾಳೆಗಳನ್ನು ಅವರ ಕೈಯಿಂದ ತೆಗೆದುಕೊಂಡು ಎದ್ದೆ. ಬಸ್ಸಿನಲ್ಲಿ ಅಳು ಬಂತು. ಅಚ್ಚಾಗಬೇಕು ಅನ್ನುವ ಆಸೆ ನನಗೇನು ಕಮ್ಮಿ ಇತ್ತೇ?

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು.

"ಬುಕ್ಕು ಯಾವಾಗ ಬರ್ತದಂತೆ?"

"ಅದ್ರಲ್ಲಿ ನನ್ ಕಥೆ ಇರಲ್ಲಮ್ಮ. ಅವ್ನನ್ನ ಸಾಯ್ಸಿದ್ರೆ ಹಾಕ್ತೀವಿ ಅಂದ್ರು."

ಅಮ್ಮನಿಗೆ ಗಾಬರಿಯಾಯಿತು. "ಸಾಯ್ಸಿಬಿಟ್ಯಾ?"

"ಇಲ್ಲ."

"ಸದ್ಯ," ಅಂದಳು.